ಕಕ್ಕಸು ಗುಂಡಿಯಲ್ಲಿ ಡಿಎಪಿ ಚೀಲ!

ಮುಂಗಾರು ಬಿತ್ತೆಂದರೆ ಗೊಬ್ಬರದಂಗಡಿ ಮುಂದೆ ಡಿಎಪಿಗೆ ಕ್ಯೂ. ಅದೇ ಅಂಗಡಿ ಹಿಂದಿನ ಕಕ್ಕಸು ಗುಂಡಿ ತುಂಬಿತೆಂದರೆ ಸಕ್ಕಿಂಗ್ ಗಾಡಿಯವನಿಗೆ ಫೋನು. ಮುಂಬಾಗಿಲಲ್ಲಿ ದುಡ್ಡು ಕೊಟ್ಟು ತಂದದ್ದನ್ನು ಹಿಂಬಾಗಿಲಲ್ಲಿ ದುಡ್ಡು ಕೊಟ್ಟು ಎಸೆಯುವ ವ್ಯಾಪಾರ ಇದು. ಎರಡು ಕಡೆಯೂ ಇರುವುದು ಒಂದೇ ಸರಕು. ಅದರ ಹೆಸರು ರಂಜಕ.

ರಂಜಕವಿಲ್ಲದೆ ಬೇರು ಇಳಿಯದು, ಕಾಳು ಕಟ್ಟದು. 50 ಕಿಲೋ ಡಿಎಪಿ ಚೀಲದಲ್ಲಿ ಇರುವ ರಂಜಕ ಸುಮಾರು 10 ಕಿಲೋ. ಹೊಲದಿಂದ ಅದು ರಾಗಿಮುದ್ದೆಗೆ, ಅವರೆಕಾಳಿಗೆ, ಅಲ್ಲಿಂದ ಹೊಟ್ಟೆಗೆ. ಬೆಳೆದವರ ದೇಹದಲ್ಲಿ ಅದು ಶೇಖರವಾಗದು. ಒಳಗೆ ಹೋದಷ್ಟು ಹೆಚ್ಚುಕಡಿಮೆ ಹೊರಗೆ. ತಲೆಗೆ ವರ್ಷಕ್ಕೆ ಅರ್ಧ ಕಿಲೋ ಅಂತ ಹಿಡಿದರೆ, 20 ಜನ ಸೇರಿ ಒಂದು ಚೀಲ ಡಿಎಪಿಯ ರಂಜಕವನ್ನು ಗುಂಡಿಗೆ ಬಿಡ್ತಾರೆ. ಬೆಳಗಿನ ಬಸ್ಸಿನಲ್ಲಿ ಕೂತವರೂ ನಿಂತವರೂ ಸೇರಿ 60 ಜನ ಇದ್ದರೆ ವರ್ಷಕ್ಕೆ ಮೂರು ಚೀಲ!

ಇದು ಪುಕ್ಕಟೆ ಸರಕಲ್ಲ. ದೇಶದಲ್ಲಿ ರಂಜಕದ ಕಲ್ಲು ಸಿಗುವುದು ಕಡಿಮೆ. ಮೊರಾಕೊ, ಜೋರ್ಡಾನ್, ಸೌದಿ ಕಡೆಯಿಂದ ಹಡಗಿನಲ್ಲಿ ಬರಬೇಕು. ಹೊರಗೆ ಬೆಲೆ ಏರಿದರೆ ಏನಾಗುತ್ತದೆಂದು 2021ರಲ್ಲಿ ಗೊತ್ತಾಯಿತು. 2,400 ರೂಪಾಯಿ ಬೀಳುವ ಚೀಲವನ್ನು ರೈತನಿಗೆ 1,200ಕ್ಕೆ ಕೊಡಿಸಲು ಕೇಂದ್ರ ಸರ್ಕಾರ ಚೀಲಕ್ಕೆ 500 ಇದ್ದ ಸಬ್ಸಿಡಿಯನ್ನು 1,200ಕ್ಕೆ ಏರಿಸಬೇಕಾಯಿತು. ಅಷ್ಟೂ ಖಜಾನೆ ದುಡ್ಡು. ಕಿರಾಣಿ ಅಂಗಡಿಯವನು ಕಟ್ಟಿದ ತೆರಿಗೆಯೂ ಅದರಲ್ಲಿ ಸೇರಿದೆ.

ದೇವನಹಳ್ಳಿ ತೋರಿಸಿದ ದಾರಿ

ಹಾಗಾದರೆ ಗುಂಡಿಯದನ್ನೇ ಹೊಲಕ್ಕೆ ಹಾಕಿದರಾಯ್ತಲ್ಲ? ಬೆಂಗಳೂರಿನ ಸುತ್ತಮುತ್ತ ಹಾಗೆ ಹಾಕಿಸಿಕೊಂಡ ರೈತರೂ ಉಂಟು. ಆದರೆ ಹಸಿ ರಾಡಿಯಲ್ಲಿ ಜಂತುಹುಳದ ಮೊಟ್ಟೆಯಿಂದ ಟೈಫಾಯ್ಡ್ ಕ್ರಿಮಿಯವರೆಗೆ ಎಲ್ಲವೂ ಇರಬಹುದು. ಸೊಪ್ಪಿನ ಕಟ್ಟಿನೊಡನೆ ಅದು ತಿರುಗಿ ಮನೆಗೇ ಬರುತ್ತದೆ. ಕೆರೆಗೆ ಸುರಿದರೋ, ಅದೇ ರಂಜಕ ಉಂಡು ಪಾಚಿ, ಕಳೆ ಬೆಳೆದು ನೀರು ಕೊಳೆಯುತ್ತದೆ.

ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೊಂದು ಮದ್ದು ಹುಡುಕಿದರು. ಒಳಚರಂಡಿ ಇಲ್ಲದೆ ಗುಂಡಿಗಳನ್ನೇ ನಂಬಿದ್ದ ಪುರಸಭೆ ಊರದು. ಅಲ್ಲಿ ದಿನಕ್ಕೆ 6,000 ಲೀಟರ್ ರಾಡಿ ಸಂಸ್ಕರಿಸುವ ಘಟಕ ಕಟ್ಟಿದರು. ಗಾಡಿ ಸುರಿದದ್ದನ್ನು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆಸಿ, ಹಾಸಿನ ಮೇಲೆ ಒಣಗಿಸಿ, ಊರಿನ ಹಸಿ ಕಸದ ಜೊತೆ ಬೆರೆಸಿ ಕಾಂಪೋಸ್ಟ್ ಮಾಡುವ ವ್ಯವಸ್ಥೆ. ರಾಶಿ ಚೆನ್ನಾಗಿ ಕಾವೇರಿದರೆ ಕ್ರಿಮಿ, ಮೊಟ್ಟೆ ಸಾಯುತ್ತವೆ. ಒಣಗಿಸುವಾಗ ಸಾರಜನಕ ಒಂದಿಷ್ಟು ಗಾಳಿಗೆ ಹಾರೀತು. ರಂಜಕ ಹಾರುವುದಿಲ್ಲ, ಗೊಬ್ಬರದಲ್ಲೇ ಉಳಿಯುತ್ತದೆ.

ತೊಡಕು ಎಲ್ಲಿ?

ತೊಡಕು ಇರುವುದು ಲಾರಿ ಬಾಡಿಗೆಯಲ್ಲಿ. ಕಾಂಪೋಸ್ಟಿನಲ್ಲಿ ರಂಜಕ ಡಿಎಪಿಯಷ್ಟು ಗಟ್ಟಿಯಾಗಿರುವುದಿಲ್ಲ. ಒಂದು ಚೀಲದ ಬದಲು ಗಾಡಿಗಟ್ಟಲೆ ಹೊರಬೇಕು. ದೂರ ಸಾಗಿಸಿದರೆ ಗಿಟ್ಟದು. ಊರ ಪಕ್ಕದ ತೋಟಕ್ಕೇ ಸಲ್ಲಬೇಕು. ಜೊತೆಗೆ, ಸಬ್ಸಿಡಿ ಪಡೆದ ಡಿಎಪಿಯೊಡನೆ ಪೈಪೋಟಿ.

ದೊಡ್ಡ ಊರಿನ ಕಥೆ ಬೇರೆ. ಕಾರ್ಖಾನೆ ನೀರು ಸೇರಿದ ಚರಂಡಿಯ ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಅದನ್ನು ಹೊಲಕ್ಕೆ ಹಾಕಿದರೆ ಮಣ್ಣು ಕೆಟ್ಟಂತೆ. ಅಮೆರಿಕದ ಆರೆಗಾನ್ ರಾಜ್ಯದ ಡರ್‌ಹಮ್ ಘಟಕದಲ್ಲಿ 2009ರಿಂದ, ಕೆಸರು ಹಿಂಡಿದ ನೀರಿಗೆ ಮೆಗ್ನೀಶಿಯಂ ಬೆರೆಸಿ ರಂಜಕವನ್ನು ಹರಳುಗಟ್ಟಿಸಿ ತೆಗೆದರು. 2029ರಿಂದ ದೊಡ್ಡ ಊರುಗಳ ಕೆಸರಿನಿಂದ ರಂಜಕ ಹಿಂದಕ್ಕೆ ತೆಗೆಯಲೇಬೇಕೆಂದು ಜರ್ಮನಿ 2017ರಲ್ಲೇ ಕಾಯಿದೆ ಮಾಡಿಟ್ಟಿತು.

ಸಣ್ಣ ಊರಿಗೆ ಅಷ್ಟೆಲ್ಲ ಯಂತ್ರ ಬೇಕಿಲ್ಲ. ಬೇಕಾದ್ದು ಒಂದಿಷ್ಟು ಜಾಗ, ಕೈಗವಸು-ಬೂಟು ಕೊಟ್ಟು ನೆಟ್ಟಗೆ ಸಂಬಳ ಕೊಡುವ ಕೆಲಸಗಾರರು, ಗೊಬ್ಬರ ಪರೀಕ್ಷೆ ಮಾಡಿಸಿ ಕೊಡುವ ಚೀಟಿ. ಚೀಟಿ ಇಲ್ಲದ ಗೊಬ್ಬರವನ್ನು ರೈತ ಯಾಕೆ ನಂಬಬೇಕು? ಪೇಂಟು, ಬ್ಯಾಟರಿ ಆಸಿಡ್ ಮೋರಿಗೆ ಸುರಿಯದ ಬುದ್ಧಿ ಅಂಗಡಿಯವರಿಗೂ ಬೇಕು.

ಎಲ್ಲಕ್ಕೂ ಮೊದಲು ಒಂದು ಪುಸ್ತಕ ಬೇಕು: ಯಾವ ಗಾಡಿ ಯಾರ ಗುಂಡಿ ಎತ್ತಿತು, ಎಲ್ಲಿ ಸುರಿಯಿತು ಅಂತ ಬರೆದಿಡುವ ಪುಸ್ತಕ. ಗುಂಡಿ ಖಾಲಿಯಾಯ್ತು ಅಂತ ದುಡ್ಡು ಎಣಿಸಿ ಬಾಗಿಲು ಹಾಕಿಕೊಳ್ಳುವವರೇ ಎಲ್ಲರೂ. ಗಾಡಿ ಎತ್ತ ಹೋಯ್ತು ಅಂತ ಕೇಳೋರು ಯಾರು?