ತಾಯಿ, ಮಗು ಮತ್ತು ಕೊರೋನ: ಹೆದರಿಕೆಯೂ ಬೇಡ, ಅಸಡ್ಡೆಯೂ ಬೇಡ

ಕೊರೋನ ಬಂದು ಐದು ವರ್ಷ ಕಳೆದಿತ್ತು. ಆದರೂ 2025ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಪ್ರಕರಣಗಳು ಮತ್ತೆ ಏರಿದಾಗ ಗರ್ಭಿಣಿಯರಿರುವ ಮನೆಗಳಲ್ಲಿ ಹಳೆಯ ಪ್ರಶ್ನೆಗಳೇ ಎದ್ದವು. ಸೋಂಕು ಮಗುವಿಗೂ ತಗಲುತ್ತದಾ? ಹೆತ್ತ ಮೇಲೆ ಮಗುವನ್ನು ತಾಯಿಯಿಂದ ದೂರ ಇಡಬೇಕಾ? ವಾಟ್ಸ್ಆ್ಯಪ್ ಕೊಡುವ ಉತ್ತರ ಬಿಟ್ಟು, ಹೆರಿಗೆಗಳ ಲೆಕ್ಕ ಇಟ್ಟವರು ಏನು ಹೇಳುತ್ತಾರೆಂದು ನಾವು ನೋಡಬೇಕು.

ಅಂಥ ಲೆಕ್ಕ ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಜಿಲ್ಲೆಯ ಹಳ್ಳಿಗಳ ಗರ್ಭಿಣಿಯರ ಮತ್ತು ನವಜಾತ ಶಿಶುಗಳ ವಿವರವನ್ನು ವರ್ಷಗಳಿಂದ ದಾಖಲಿಸುತ್ತಾ ಬಂದಿದೆ. ಏಳು ದೇಶಗಳಲ್ಲಿ ಹೆರಿಗೆಯ ಸಮಯಕ್ಕೆ ತಾಯಂದಿರ ರಕ್ತ ಪರೀಕ್ಷಿಸಿ ನಡೆಸಿದ ಕೊರೋನ ಅಧ್ಯಯನದಲ್ಲಿ ಬೆಳಗಾವಿಯೂ ಸೇರಿತ್ತು. ಸೋಂಕು ಬಂದುಹೋದ ಗುರುತು ಬಹಳಷ್ಟು ತಾಯಂದಿರ ರಕ್ತದಲ್ಲಿ ಸಿಕ್ಕಿತು. ಅವರಲ್ಲಿ ಹೆಚ್ಚಿನವರಿಗೆ ರೋಗಲಕ್ಷಣವೇ ಇರಲಿಲ್ಲ. ಒಟ್ಟಾರೆ ನೋಡಿದರೆ ಅವರ ಹೆರಿಗೆಗಳೂ ಉಳಿದವರ ಹೆರಿಗೆಗಳಿಗಿಂತ ಬಹಳ ಬೇರೆಯಾಗಿರಲಿಲ್ಲ.

ಹಾಗಂತ ನಿಶ್ಚಿಂತರಾಗುವಂತಿಲ್ಲ. ಮುಂಬೈಯ ನಾಯರ್ ಆಸ್ಪತ್ರೆಗೆ ದಾಖಲಾದ ಸೋಂಕಿತ ಗರ್ಭಿಣಿ-ಬಾಣಂತಿಯರ ಲೆಕ್ಕ ಬೇರೆಯೇ ಹೇಳುತ್ತದೆ. ಮೊದಲ ಅಲೆಯಲ್ಲಿ ಅವರಲ್ಲಿ ಸತ್ತವರು ಶೇ. 0.7. ಎರಡನೇ ಅಲೆಯಲ್ಲಿ ಅದು ಶೇ. 5.7ಕ್ಕೆ ಏರಿತು.

ಎರಡೂ ಲೆಕ್ಕ ಸರಿಯೇ. ಸೋಂಕು ತಗಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಉಸಿರಾಟಕ್ಕೆ ತೊಂದರೆಯಾಗುವಷ್ಟು ಕಾಯಿಲೆ ಬಿದ್ದವರಿಗೆ ಅದು ಜೀವದ ಪ್ರಶ್ನೆ. ದಿನ ತುಂಬುತ್ತಿದ್ದಂತೆ ಗರ್ಭಕೋಶ ಮೇಲಕ್ಕೆ ಒತ್ತಿ ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ, ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ರಕ್ತದೊತ್ತಡ ಏರುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಇಂಥವರಲ್ಲಿ ಹೆಚ್ಚು.

ಆಗ ಆಸ್ಪತ್ರೆಯ ದೂರವೂ ಲೆಕ್ಕಕ್ಕೆ ಬರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆ ಬೇಕೆಂದರೆ ಬೆಳಗಾವಿಗೇ ಹೋಗಬೇಕು. ಗೋಕಾಕದಿಂದಲೇ ಅರುವತ್ತು ಕಿಲೋಮೀಟರಿಗಿಂತ ಹೆಚ್ಚು. "ನಾಳೆ ನೋಡುವಾ" ಎಂದು ಕೂತರೆ ದಾರಿ ಇನ್ನೂ ಉದ್ದವಾಗುತ್ತದೆ. ನಮ್ಮ ಕರಾವಳಿಯಲ್ಲಿ ಆಸ್ಪತ್ರೆಗಳು ಹತ್ತಿರ ಇವೆ, ಆದರೆ "ನಾಳೆ ನೋಡುವಾ" ಎನ್ನುವ ಅಭ್ಯಾಸ ನಮ್ಮಲ್ಲೂ ಇದೆ.

ಇನ್ನು ಮಗುವಿನ ವಿಷಯ. ನವಜಾತ ಶಿಶುವಿಗೆ ಸೋಂಕು ತಗಲಬಹುದು, ಆದರೆ ಹೆಚ್ಚಿನ ಮಕ್ಕಳಲ್ಲಿ ಅದು ಸೌಮ್ಯವಾಗಿಯೇ ಇರುತ್ತದೆ. ಎದೆಹಾಲು ನಿಲ್ಲಿಸಬಾರದು, ಮಗುವನ್ನು ತಾಯಿಯ ಜೊತೆಗೇ ಇಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾಯಿ ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಿದರೆ ಸಾಕು. ಹೆದರಿ ಹಾಲು ತಪ್ಪಿಸಿದರೆ ಆಗುವ ನಷ್ಟವೇ ದೊಡ್ಡದು.

ಲಸಿಕೆಯ ಪಾಠವನ್ನೂ ಮರೆಯಬಾರದು. ಗರ್ಭಿಣಿಯರಿಗೆ ಕೋವಿಡ್ ಲಸಿಕೆ ನೀಡಲು ಕೇಂದ್ರ ಸರಕಾರ ಒಪ್ಪಿದ್ದು 2021ರ ಜುಲೈ 2ರಂದು. ಅಷ್ಟರಲ್ಲಿ ಎರಡನೇ ಅಲೆ ಇಳಿದಿತ್ತು. ಮೊದಲು ಸಿಗಬೇಕಾದವರಿಗೆ ಕೊನೆಗೆ ಸಿಕ್ಕಿತು. ಆ ಖಾಲಿ ಜಾಗವನ್ನು "ಲಸಿಕೆ ತೆಗೆದರೆ ಮಕ್ಕಳಾಗುವುದಿಲ್ಲ" ಎಂಬ ಸುಳ್ಳು ತುಂಬಿತು.

ಮನೆಮಂದಿ ಮಾಡಬೇಕಾದದ್ದು ಇಷ್ಟೆ. ಗರ್ಭಿಣಿಗೆ ಜ್ವರ-ಕೆಮ್ಮು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಉಸಿರು ಕಟ್ಟಿದರೆ, ಹೊಟ್ಟೆಯೊಳಗೆ ಮಗುವಿನ ಅಲುಗಾಟ ಕಡಿಮೆಯಾದರೆ ಆ ಕ್ಷಣವೇ ಹೊರಡಿ. ಬಾಣಂತನದ ನಲ್ವತ್ತು ದಿನಗಳಲ್ಲಿ ಮಗು ನೋಡಲು ಬರುವವರಿಗೆ ಶೀತ-ಕೆಮ್ಮು ಇದ್ದರೆ, ಎಷ್ಟೇ ಹತ್ತಿರದ ಸಂಬಂಧಿಕರಾದರೂ ಬಾಗಿಲಲ್ಲೇ ಮಾತಾಡಿಸಿ ಕಳಿಸಿ. ಬೇಸರ ಮಾಡಿಕೊಂಡವರನ್ನು ಆಮೇಲೆ ಸಮಾಧಾನ ಮಾಡಬಹುದು.