ಒಂದು ಪ್ಯಾನೆಲ್ ಒಡೆದರೆ ಉಳಿದ ಹದಿನಾಲ್ಕರ ಗತಿಯೇನು?

ಕಳೆದ ಬೇಸಿಗೆಯಲ್ಲಿ ಬಾದಾಮಿಯ ಬನಶಂಕರಿಗೆಂದು ಹೊರಟ ನಾವು ಕೆಲವರು ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯನ್ನೂ ಸುತ್ತಿ ಬಂದೆವು. ಸೋಲಾರ್ ಪಂಪು ಹಾಕಿಸುವ ಯೋಚನೆಯಲ್ಲಿದ್ದ ನಾಲ್ಕೈದು ಸದಸ್ಯರು ನಮ್ಮ ಜೊತೆಗಿದ್ದರು. ನೂರಿಂಚು ಮಳೆಯ ಊರಿನವರಿಗೆ ಬಿಸಿಲ ನಾಡಿನಲ್ಲಿ ಅದು ಹೇಗೆ ನಡೆಯುತ್ತದೆಂದು ನೋಡುವ ಆಸೆ. ನೋಡಿದ್ದೂ ಆಯಿತು, ನಮ್ಮ ಕಣ್ಣು ತೆರೆದದ್ದೂ ಆಯಿತು.

ಹುನಗುಂದ ದಾಟಿ ಸ್ವಲ್ಪ ದೂರದಲ್ಲಿ ಒಬ್ಬ ರೈತರ ದಾಳಿಂಬೆ ತೋಟ. ಐದು ಅಶ್ವಶಕ್ತಿಯ ಪಂಪು, 330 ವಾಟಿನ 15 ಪ್ಯಾನೆಲ್‌ಗಳು ಒಂದರ ಬಾಲಕ್ಕೆ ಇನ್ನೊಂದು ಎಂಬಂತೆ ಒಂದೇ ಸಾಲಿನಲ್ಲಿ ಜೋಡಣೆ. ಗಾಳಿಮಳೆಗೆ ಹಾರಿಬಂದ ತಗಡಿನ ಹಾಳೆಯೊಂದು ಬಡಿದು ಒಂದು ಪ್ಯಾನೆಲ್ಲಿನ ಗಾಜು ಪುಡಿಯಾಗಿತ್ತು. ಅದೇ ಮಾದರಿಯದು ಎಲ್ಲೂ ಸಿಗಲಿಲ್ಲ. ರಿಪೇರಿಗೆ ಬಂದಾತ ಮನೆದೀಪದ 100 ವಾಟಿನ ಪ್ಯಾನೆಲ್ಲೊಂದನ್ನು ಆ ಜಾಗಕ್ಕೆ ಕಟ್ಟಿಹೋಗಿದ್ದ. ಅಂದಿನಿಂದ ನೀರು ಅರ್ಧಕ್ಕರ್ಧ ಇಳಿದಿತ್ತು. ಎಲ್ಲವನ್ನೂ ಹೊಸದು ಹಾಕಿಸಬೇಕೆಂದು ಯಾರೋ ಬೇರೆ ಹೇಳಿದ್ದರು. “ಒಂದ್ ಹೋತಂತ ಹದಿನೈದೂ ತಗದ ಒಗ್ಯಾಕ ಆಗತೈತೇನ್ರಿ?” ಎಂದು ಆ ಯಜಮಾನರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಉತ್ತರ ನಮಗೆ ಗೊತ್ತಿರುವ ಪೈಪಿನಲ್ಲೇ ಇದೆ. ಎರಡೂವರೆ ಇಂಚಿನ ಲೈನಿನ ನಡುವೆ ಒಂದಿಂಚಿನ ತುಂಡು ಸೇರಿಸಿದರೆ ಸ್ಪ್ರಿಂಕ್ಲರಿನ ಪಾಡೇನೆಂದು ತೋಟದವರಿಗೆ ಹೇಳಬೇಕಿಲ್ಲ. ಒಂದೇ ಸಾಲಿನ ಪ್ಯಾನೆಲ್‌ಗಳಲ್ಲಿ ವೋಲ್ಟು ಕೂಡುತ್ತಾ ಹೋಗುತ್ತದೆ, ಆದರೆ ಎಲ್ಲದರಲ್ಲೂ ಹರಿಯುವ ಆಂಪಿಯರ್ ಒಂದೇ. 330 ವಾಟಿನದು ಸುಮಾರು 8.8 ಆಂಪಿಯರ್ ಕೊಡುವಂಥದು. 100 ವಾಟಿನ ಆ ಸಣ್ಣದು ಐದೂವರೆಯ ಆಸುಪಾಸು. ಅದು ಉಳಿದ ಹದಿನಾಲ್ಕರ ಕುತ್ತಿಗೆಯನ್ನೇ ಹಿಡಿದಿತ್ತು. ಹಿಂಬದಿಯ ಡಬ್ಬಿಯಲ್ಲಿರುವ ಡಯೋಡುಗಳು ಇಂಥ ದುರ್ಬಲ ಪ್ಯಾನೆಲ್ಲನ್ನು ಬಳಸಿ ದಾಟಿಸುವುದುಂಟು. ಆದರೆ ಎಲ್ಲ ಕಂಟ್ರೋಲರುಗಳೂ ಆ ದಾರಿಯನ್ನು ಹುಡುಕಿಕೊಳ್ಳುವುದಿಲ್ಲ.

ನಮ್ಮ ಜೊತೆಗಿದ್ದ ಎಲೆಕ್ಟ್ರಿಷಿಯನ್ ಹೊತ್ತು ಮುಳುಗುವವರೆಗೆ ಕಾದು, ಮೊದಲು ಸ್ವಿಚ್ ತೆಗೆದು, ಆ ಸಣ್ಣ ಪ್ಯಾನೆಲ್ಲನ್ನು ಬಿಡಿಸಿ ಅಕ್ಕಪಕ್ಕದ ತಂತಿಗಳನ್ನು ನೇರವಾಗಿ ಕೂಡಿಸಿದ. ಮರುದಿನ ನೀರು ಹಿಂದಿನ ಮಟ್ಟಕ್ಕೆ ಬಹುಮಟ್ಟಿಗೆ ಬಂತು. ಹೊಸದೇನನ್ನೂ ಕೊಂಡಿರಲಿಲ್ಲ. ಹದಿನೈದಿದ್ದಾಗ ಸುಮಾರು 550 ವೋಲ್ಟು ಇದ್ದದ್ದು ಹದಿನಾಲ್ಕಕ್ಕೆ 515ರ ಹತ್ತಿರ; ಸುಡುಬಿಸಿಲಿಗೆ ಪ್ಯಾನೆಲ್ ಕಾದಾಗ ಅದು ಇನ್ನೂ ಆರರಲ್ಲೊಂದು ಪಾಲು ಇಳಿಯಬಹುದು. ಕಂಟ್ರೋಲರಿಗೆ ಬೇಕಾದ ಕನಿಷ್ಠ ವೋಲ್ಟು ಅದಕ್ಕಿಂತ ಕೆಳಗಿದ್ದರೆ ಆಯಿತು. ಹಗಲಲ್ಲಿ ಪಂಪು ಓಡುತ್ತಿರುವಾಗ ಮಾತ್ರ ಯಾರೂ ಈ ಕೊಂಡಿಗಳನ್ನು ಎಳೆಯಬಾರದು. ನಮ್ಮ ಮನೆಯ ಕರೆಂಟಿನಂತಲ್ಲದೆ ಇದು ಕಿಡಿ ಹಾರಿದರೆ ತಾನಾಗಿ ಆರುವುದಿಲ್ಲ. ಗಾಜು ಒಡೆದ ಪ್ಯಾನೆಲ್ಲಿನಲ್ಲೂ ಬಿಸಿಲಿದ್ದಷ್ಟು ಹೊತ್ತು ವಿದ್ಯುತ್ ಇರುತ್ತದೆ, ಒದ್ದೆಯಾದರೆ ಇನ್ನೂ ಅಪಾಯ.

ಅಂಗಡಿಯಲ್ಲಿ ಈಗ ಸಿಗುವ 540 ವಾಟಿನದನ್ನೇ ತಂದು ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹಾಕಿದರೆ ಕೆಡುಕೇನಿಲ್ಲ, ಆದರೆ ಅದರ 13 ಆಂಪಿಯರ್ ಶಕ್ತಿ ಸಾಲಿನ 8.8ಕ್ಕೇ ಕಟ್ಟುಬಿದ್ದು ಮೂರರಲ್ಲೊಂದು ಪಾಲು ವ್ಯರ್ಥ. ಮೇಲಾಗಿ ಅದು ಉದ್ದದಲ್ಲೂ ಅಗಲದಲ್ಲೂ ದೊಡ್ಡದು, ಹಳೆಯ ಚೌಕಟ್ಟಿಗೆ ಕೂರದು. ಇಳಕಲ್ಲಿನ ನೇಕಾರರು ಸೀರೆಯ ಹತ್ತಿಯ ಮೈ ಎಳೆಗೆ ರೇಷ್ಮೆಯ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಜೋಡಿಸುವುದನ್ನು ಅದೇ ಪ್ರವಾಸದಲ್ಲಿ ಬೆರಗಾಗಿ ನೋಡಿದೆವು. ಪ್ಯಾನೆಲ್ಲಿಗೆ ಅಂಥ ಕುಣಿಕೆ ಇಲ್ಲ.

ದೊಡ್ಡ ಪಂಪುಗಳಿಗೆ ಎರಡು ಸಾಲುಗಳನ್ನು ಪಕ್ಕಪಕ್ಕ ಕೂಡಿಸಿರುತ್ತಾರೆ. ಅಲ್ಲಿ ಲೆಕ್ಕ ಬೇರೆ. ಹದಿನಾಲ್ಕರ ಎರಡು ಸಾಲಿನಲ್ಲಿ ಒಂದು ಒಡೆದರೆ ಒಂದು ಕಡೆ 14, ಇನ್ನೊಂದು ಕಡೆ 13. ಬೇರೆ ಬೇರೆ ಒತ್ತಡದ ಎರಡು ಮೋಟಾರನ್ನು ಒಂದೇ ಪೈಪಿಗೆ ಕೊಟ್ಟಂತೆ, ಎರಡೂ ನಡುವಿನ ಒಂದು ವೋಲ್ಟಿಗೆ ರಾಜಿಯಾಗಿ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತವೆ. ಉದ್ದದ ಸಾಲಿನಿಂದಲೂ ಒಂದನ್ನು ತೆಗೆದು 13-13 ಮಾಡಿದರೆ ಬರುವ ಶಕ್ತಿಗೂ ಹಾಗೇ ಬಿಟ್ಟದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತೆಗೆದಿಟ್ಟ ಪ್ಯಾನೆಲ್ ಮಾತ್ರ ಮುಂದಿನ ಅವಘಡಕ್ಕೆ ಕೈಯಲ್ಲಿ ಉಳಿಯುತ್ತದೆ. ನಮ್ಮ ಮತ ಇದರ ಪರ.

ಇಷ್ಟನ್ನು ಬರೆಯಲು ಕಾರಣವಿದೆ. 2019ರಲ್ಲಿ ಬಂದ ಪಿಎಂ-ಕುಸುಮ್ ಯೋಜನೆಯ ಪಂಪುಗಳಿಗೆ ಐದು ವರ್ಷದ ನಿರ್ವಹಣೆ ಹಾಕಿಕೊಟ್ಟವರ ಹೊಣೆ. ಆ ಅವಧಿಯಲ್ಲಿ ನಾವಾಗಿ ಬಿಚ್ಚಬಾರದು, ದೂರು ಕೊಡಬೇಕು. ಮೊದಲ ಪಂಪುಗಳ ಐದು ವರ್ಷ ಮುಗಿದಿದೆ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ ಎನ್ನುವರು. ಅದೇ ಮಾದರಿ ಮಾರುಕಟ್ಟೆಯಲ್ಲಿ ಅಷ್ಟು ಕಾಲ ಇರುತ್ತದೆಂದು ಯಾರೂ ಹೇಳಿಲ್ಲ. ನಮ್ಮಲ್ಲಿ ತಗಡು ಹಾರದಿದ್ದರೂ ಸಿಲ್ವರ್ ಓಕಿನ ಕೊಂಬೆ ಇದೆ, ಅಡಿಕೆಯ ಸೋಗೆ ಇದೆ, ಮಂಗ ಇದೆ. ಫೆಬ್ರವರಿ-ಮಾರ್ಚಿಯಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಹಾಯಿಸುವ ಹೊತ್ತಿಗೆ ಪಂಪು ಹತ್ತು ದಿನ ಮಲಗಿದರೆ ಹೋಗುವುದು ಹತ್ತು ದಿನದ ನೀರಲ್ಲ, ವರ್ಷದ ಫಸಲು.

ಗೊಬ್ಬರ, ಮೈಲುತುತ್ತು ಮಾರುವ ನಮ್ಮ ಸಂಘ ಇದಕ್ಕೂ ಕೈ ಹಾಕಬೇಕು. ಬಂಡವಾಳ ಕಟ್ಟಿಹಾಕಿ ಹೊಸ ಪ್ಯಾನೆಲ್ ದಾಸ್ತಾನು ಮಾಡಿ ಎಂದು ನಾವು ಹೇಳುತ್ತಿಲ್ಲ. ಅದು ಗೋದಾಮಿನಲ್ಲೇ ಹಳತಾಗುವ ಸರಕು. ಯಾವ ಸದಸ್ಯರಲ್ಲಿ ಯಾವ ಪ್ಯಾನೆಲ್ ಇದೆಯೆಂಬ ಒಂದು ಪುಸ್ತಕ ಸಾಕು. ಒಬ್ಬರು ತೆಗೆದಿಟ್ಟದ್ದು ಇನ್ನೊಬ್ಬರ ಸಾಲಿಗೆ ಸರಿಹೊಂದಬಹುದು, ನ್ಯಾಯವಾದ ಬೆಲೆಯನ್ನು ಸಂಘವೇ ಕಟ್ಟಲಿ. ಹೊಸದಾಗಿ ಹಾಕಿಸುವವರು ಅದೇ ಮಾದರಿಯ ಒಂದನ್ನು ಹೆಚ್ಚಿಗೆ ಕೊಂಡು ಅಟ್ಟದಲ್ಲಿ ಇಟ್ಟುಕೊಳ್ಳಲಿ.

ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ವಾಟು, ವೋಲ್ಟು, ಆಂಪಿಯರ್ ಎಲ್ಲ ಇರುತ್ತದೆ. ಅದನ್ನೂ ಪ್ಯಾನೆಲ್ಲಿನ ಉದ್ದಗಲವನ್ನೂ ಬರೆದುಕೊಂಡು ಮುಂದಿನ ಮಹಾಸಭೆಗೆ ಬರುವಾಗ ಕಾರ್ಯದರ್ಶಿಗಳಿಗೆ ಕೊಡಿ. ಹುನಗುಂದದಲ್ಲಿ ನಾವು ನೋಡಿದ ಚೀಟಿಗಳಲ್ಲಿ ಅರ್ಧದಷ್ಟು ಆಗಲೇ ಓದಲಾಗದಷ್ಟು ಮಾಸಿದ್ದವು.