ತೊಟ್ಟಿಯಲ್ಲಿ ಹಿಡಿಯದ ಆಮೆ

ಅಕ್ವೇರಿಯಂ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಹಸಿರು ಆಮೆಮರಿಯ ಕಣ್ಣಿನ ಹಿಂದೆ ಕೆಂಪು ಪಟ್ಟೆಯೊಂದು ಇರುತ್ತದೆ. ವ್ಯಾಪಾರದಲ್ಲಿ ಅದನ್ನು ರೆಡ್ ಇಯರ್ಡ್ ಸ್ಲೈಡರ್ ಎನ್ನುತ್ತಾರೆ. ಅದರ ಮೂಲನೆಲೆ ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಕೊಳ್ಳುವಾಗ ಮೂರು ಸೆಂಟಿಮೀಟರ್ ಆಸುಪಾಸಿನ ಚಿಪ್ಪು, ಮಗುವಿನ ಅಂಗೈಯಲ್ಲೂ ಕೂರುವ ಪ್ರಾಣಿ. ಅದೇ ಮರಿ ಹೆಣ್ಣಾಗಿದ್ದರೆ ಬೆಳೆದ ಮೇಲೆ ಚಿಪ್ಪು 25ರಿಂದ 30 ಸೆಂಟಿಮೀಟರ್ ಆಗುತ್ತದೆ. ಚೆನ್ನಾಗಿ ನೋಡಿಕೊಂಡರೆ 20–30 ವರ್ಷ ಬದುಕುತ್ತದೆ. ಎರಡನೇ ತರಗತಿಯ ಮಗುವಿಗೆಂದು ತಂದ ಆಮೆ, ಆ ಮಗು ಓದು ಮುಗಿಸಿ, ಕೆಲಸ ಹಿಡಿದು, ಬೇರೆ ಊರಿಗೆ ಹೋದ ಮೇಲೂ ಮನೆಯಲ್ಲಿ ಇರುತ್ತದೆ. ಅದರ ಜೊತೆಗೆ ಮಾರುವ ಪ್ಲಾಸ್ಟಿಕ್ ತೊಟ್ಟಿಯಾಗಲಿ, ಒಣಸೀಗಡಿಯ ಡಬ್ಬಿಯಾಗಲಿ ಇಷ್ಟು ದೀರ್ಘವಾದ ಬದುಕಿಗೆ ಸಾಲುವುದಿಲ್ಲ. ಈ ಮಾರಾಟವನ್ನು ಸರ್ಕಾರ ನಿಲ್ಲಿಸಬೇಕು, ಈಗಾಗಲೇ ಮನೆಗಳಲ್ಲಿರುವ ಆಮೆಗಳನ್ನು ಕೊನೆಯತನಕ ಸಾಕಲು ಜನರಿಗೆ ನೆರವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನೀರಾಮೆಗೆ ನಿಜವಾಗಿ ಏನು ಬೇಕು ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಚಿಪ್ಪಿನ ಪ್ರತಿ ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಎಂಬುದು ಅನುಭವಿ ಸಾಕಣೆಗಾರರು ಪಾಲಿಸುವ ಲೆಕ್ಕ. ಹತ್ತು ಅಂಗುಲದ ಆಮೆಗೆ 400 ಲೀಟರ್ ಬೇಕು, ಬರೀ ನೀರಿನ ತೂಕವೇ 400 ಕೆ.ಜಿ. ಆಮೆ ನೀರಿನಲ್ಲೇ ತಿನ್ನುತ್ತದೆ, ನೀರಿನಲ್ಲೇ ವಿಸರ್ಜಿಸುತ್ತದೆ. ಉಳಿದ ಆಹಾರವೂ ಮಲವೂ ಕೊಳೆತು ಅಮೋನಿಯಾ ಆಗುತ್ತದೆ. ಹಾಗಾಗಿ ಮೀನಿನ ತೊಟ್ಟಿಗೆ ಹಾಕುವುದಕ್ಕಿಂತ ಬಲವಾದ ಫಿಲ್ಟರ್ ಬೇಕು, ಅದಿದ್ದರೂ ವಾರವಾರ ಒಂದಷ್ಟು ನೀರು ಬದಲಿಸುತ್ತಲೇ ಇರಬೇಕು. ಮೈಯ ಶಾಖಕ್ಕೆ ಹೊರಗಿನ ಬಿಸಿಯನ್ನೇ ನೆಚ್ಚಿದ ಪ್ರಾಣಿಯಾದ್ದರಿಂದ, ನೀರಿನಿಂದ ಪೂರ್ತಿ ಹೊರಗೆ ಬಂದು ಮೈ ಒಣಗಿಸಿಕೊಳ್ಳುವ ಜಾಗ ಬೇಕು, ಅಲ್ಲಿ 30 ಡಿಗ್ರಿಗಿಂತ ಹೆಚ್ಚಿನ ಬಿಸಿ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣನೆಯಾಗುವುದು ಬಿಸಿಲಿನಲ್ಲಿರುವ ಯುವಿಬಿ ಕಿರಣ. ಅದಿಲ್ಲದೆ ಆಮೆಯ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೂಳೆಗೂ ಚಿಪ್ಪಿಗೂ ಸೇರುವುದಿಲ್ಲ. ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ, ಕಾಲುಗಳು ಸೋಲುತ್ತವೆ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಆದ್ದರಿಂದ ಕಿಟಕಿಯ ಒಳಬದಿಯಲ್ಲಿ ತೊಟ್ಟಿ ಇಟ್ಟು ಬಿಸಿಲು ಬೀಳುತ್ತಿದೆಯೆಂದು ಸಮಾಧಾನಪಟ್ಟರೆ ಪ್ರಯೋಜನವಿಲ್ಲ. ಯುವಿಬಿ ದೀಪ ಹಾಕಿದವರೂ ಅದನ್ನು ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು, ಏಕೆಂದರೆ ಬೆಳಕು ಉಳಿದಿರುವಾಗಲೇ ಕಿರಣ ಕುಂದಿರುತ್ತದೆ. ಒಣಸೀಗಡಿಯೊಂದನ್ನೇ ತಿಂದು ಬೆಳೆದ ಆಮೆಗೆ ಎ ಜೀವಸತ್ವದ ಕೊರತೆಯಾಗಿ ರೆಪ್ಪೆಗಳು ಊದಿಕೊಳ್ಳುತ್ತವೆ, ಕಣ್ಣು ತೆರೆಯಲಾಗದೆ ಅದು ತಿನ್ನುವುದನ್ನೇ ಬಿಡುತ್ತದೆ. ಆಗ ಕರೆದೊಯ್ಯಲು ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರು ದೊಡ್ಡ ನಗರಗಳ ಆಚೆ ಅಪರೂಪ.

ಹಾಗಿದ್ದರೆ ಸರಿಯಾದ ತಿಳಿವಳಿಕೆ ಕೊಟ್ಟರೆ ಸಾಕಲ್ಲ, ನಿಷೇಧ ಯಾಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಶ್ರದ್ಧೆಯಿಂದ, ಖರ್ಚಿಗೆ ಹಿಂಜರಿಯದೆ ಸಾಕುವವರು ಇದ್ದಾರೆ, ಅವರ ಆಮೆಗಳು ಆರೋಗ್ಯವಾಗಿಯೂ ಇವೆ. ಆದರೆ ಈ ವ್ಯಾಪಾರ ನಿಂತಿರುವುದು ಅಂಥವರ ಮೇಲಲ್ಲ. ದೊಡ್ಡ ತೊಟ್ಟಿ, ಫಿಲ್ಟರ್, ದೀಪಗಳು, ವರ್ಷಗಟ್ಟಲೆಯ ಕರೆಂಟು ಬಿಲ್ಲು ಎಲ್ಲವನ್ನೂ ಕೊಳ್ಳುವ ಮೊದಲೇ ಲೆಕ್ಕ ಹಾಕಿ ತೋರಿಸಿದರೆ ಮರಿ ಕೊಳ್ಳುವವರು ಬಹಳ ಕಡಿಮೆಯಾಗುತ್ತಾರೆ. ಇನ್ನೊಂದು ಮಾತೂ ಇದೆ. ಆಮೆ ಸಾಕುವುದು ಸುಲಭ ಎಂಬ ಹೆಸರು ಬಂದದ್ದೇ ಅದರ ತಾಳಿಕೆಯಿಂದ. ನಾಯಿ ಹಸಿದರೆ ಕೂಗುತ್ತದೆ, ಆಮೆ ತಿಂಗಳುಗಟ್ಟಲೆ ಸದ್ದಿಲ್ಲದೆ ಸವೆಯುತ್ತದೆ. ರೋಗ ಕಣ್ಣಿಗೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ತನ್ನ ನೋವನ್ನು ಹೇಳಲಾರದ ಪ್ರಾಣಿಯನ್ನು, ಆ ನೋವನ್ನು ಗುರುತಿಸಲು ಗೊತ್ತಿಲ್ಲದವರ ಕೈಗೆ ಸಾವಿರಗಟ್ಟಲೆ ಒಪ್ಪಿಸುತ್ತಾ ಹೋಗುವುದನ್ನು ತಿಳಿವಳಿಕೆಯ ಕರಪತ್ರ ಸರಿಮಾಡಲಾರದು. ಮಕ್ಕಳು ಪ್ರಾಣಿಪ್ರೀತಿ ಕಲಿಯಲಿ ಎಂಬ ಆಸೆ ಒಳ್ಳೆಯದು. ಆದರೆ ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಪುಟ್ಟ ಮಕ್ಕಳು ಮರಿಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರಿಂದಲೇ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆ ಆಮೆಯ ತವರಿನಲ್ಲೇ ಮಾರಬಾರದೆಂದು ತೀರ್ಮಾನವಾದ ಗಾತ್ರದ ಮರಿಗಳು ನಮ್ಮ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತಿವೆ.

ತೊಟ್ಟಿಯಲ್ಲಿ ಹಿಡಿಯದಷ್ಟು ಬೆಳೆದ ಆಮೆ ಮುಂದೆ ಹೋಗುವುದು ಕೆರೆಗೆ ಅಥವಾ ದೇವಸ್ಥಾನದ ಕಲ್ಯಾಣಿಗೆ. ಬಿಡುವವರು ಅದನ್ನು ಪುಣ್ಯವೆಂದೇ ಭಾವಿಸುತ್ತಾರೆ, ಅವರ ಉದ್ದೇಶದಲ್ಲಿ ಕೆಡುಕಿಲ್ಲ. ಪರಿಣಾಮ ಮಾತ್ರ ಘೋರ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ, ಜಗತ್ತಿನ ಅತಿ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆ ಇದೆ. ಫ್ರಾನ್ಸಿನಲ್ಲಿ ನಡೆದ ಪ್ರಯೋಗಗಳಲ್ಲಿ ಇದರ ಜೊತೆ ಒಂದೇ ಕೊಳದಲ್ಲಿದ್ದ ಅಲ್ಲಿನ ಸ್ಥಳೀಯ ಆಮೆಗಳು ಬಿಸಿಲು ಕಾಯುವ ಒಳ್ಳೆಯ ಜಾಗಗಳನ್ನು ಕಳೆದುಕೊಂಡವು, ತೂಕದಲ್ಲಿ ಇಳಿದವು, ಹೆಚ್ಚಾಗಿ ಸತ್ತವು. ನಮ್ಮ ನೆರೆಯ ಕೇರಳದ ತ್ರಿಶೂರಿನ ಕಾಲುವೆಯೊಂದರಲ್ಲಿ 2018ರಲ್ಲಿ ಇದು ಸಿಕ್ಕಿತು, ಗುವಾಹಟಿಯ ದೇವಸ್ಥಾನದ ಕೊಳದಲ್ಲೂ ಕಂಡಿತು. ಕರ್ನಾಟಕದ ಕೆರೆಗಳಲ್ಲಿ ಕಪ್ಪು ಆಮೆ, ಮೆದುಚಿಪ್ಪಿನ ಆಮೆ ಬದುಕುತ್ತಿವೆ. ಹೂಳು, ಕೊಳಚೆ, ಒತ್ತುವರಿಯ ನಡುವೆ ಉಳಿದಿರುವ ಅವುಗಳ ಪಾಲಿನ ಬಂಡೆಯೂ ಮೀನೂ ಪರದೇಶದ ಆಮೆಯ ಪಾಲಾಗಬಾರದು. ಹಾಗೆಂದು ಸ್ಥಳೀಯ ಆಮೆಯನ್ನೇ ಸಾಕೋಣ ಎನ್ನುವಂತೆಯೂ ಇಲ್ಲ. ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಮೆದುಚಿಪ್ಪಿನ ಆಮೆಯನ್ನೋ ನಕ್ಷತ್ರ ಆಮೆಯನ್ನೋ ಮನೆಯಲ್ಲಿಟ್ಟರೆ ಜೈಲುಶಿಕ್ಷೆಯಿದೆ.

ಕಾನೂನಿನ ದಾರಿ ಈಗಾಗಲೇ ತೆರೆದಿದೆ. 2022ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯ್ದೆಗೆ ಸೇರಿದ 62ಎ ಕಲಮು, ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು, ವ್ಯಾಪಾರ, ಸಾಕಣೆಗಳನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಇಲ್ಲವೇ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ವಿಮಾನ ನಿಲ್ದಾಣಗಳಲ್ಲಿ ಕಸ್ಟಮ್ಸ್ ಅಧಿಕಾರಿಗಳು ಕಳ್ಳಸಾಗಣೆಯ ಮರಿಗಳನ್ನು ಹಿಡಿಯುತ್ತಲೇ ಇದ್ದಾರೆ. 2024ರ ಆಗಸ್ಟ್‌ನಲ್ಲಿ ಚೆನ್ನೈನಲ್ಲಿ ಸಿಕ್ಕಿದ್ದು ಮಲೇಷ್ಯಾದಿಂದ ಬಂದ ಸುಮಾರು ಐದು ಸಾವಿರ ಮರಿಗಳು. ಊರೊಳಗಿನ ಅಂಗಡಿಯಲ್ಲಿ ಮಾರಾಟಕ್ಕೆ ತಡೆಯಿಲ್ಲದಿರುವಾಗ ಗಡಿಯಲ್ಲಿ ಹಿಡಿದು ಎಷ್ಟು ತಡೆಯಲಾದೀತು?

ನಿಷೇಧದ ವಿರುದ್ಧ ಇರುವ ಅತ್ಯಂತ ಗಟ್ಟಿ ಆಕ್ಷೇಪವೆಂದರೆ, ಮನೆಯಲ್ಲಿ ಆಮೆ ಇಟ್ಟುಕೊಂಡವರು ಭಯಪಟ್ಟು ರಾತ್ರೋರಾತ್ರಿ ಕೆರೆಗೆ ಎಸೆದುಬಿಟ್ಟಾರು ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ. ಜಪಾನ್ ಇದಕ್ಕೊಂದು ಉತ್ತರ ಕಂಡುಕೊಂಡಿದೆ. 2023ರ ಜೂನ್‌ನಿಂದ ಅಲ್ಲಿ ಈ ಆಮೆಯನ್ನು ಮಾರುವಂತಿಲ್ಲ, ಹೊರಗೆ ಬಿಡುವಂತಿಲ್ಲ, ಆದರೆ ಮನೆಯಲ್ಲಿ ಇರುವುದನ್ನು ಸಾಕಿಕೊಂಡು ಹೋಗಬಹುದು. ನಮಗೂ ಇದೇ ಮಾದರಿ ಹೊಂದುತ್ತದೆ. ಜೊತೆಗೆ ಸಾಕಲಾಗದವರು ದಂಡದ ಹೆದರಿಕೆಯಿಲ್ಲದೆ ಒಪ್ಪಿಸಲು ಪ್ರತಿ ಜಿಲ್ಲೆಯಲ್ಲೂ ಒಂದು ಕೇಂದ್ರ ಬೇಕು. ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಪೀಚಿಯಲ್ಲಿ ಇಂಥ ಆಮೆಗಳನ್ನು ಜನರಿಂದ ಪಡೆದುಕೊಂಡಿದೆ. ನಮ್ಮ ಅರಣ್ಯ ಇಲಾಖೆಗೂ ಅದು ಅಸಾಧ್ಯವಲ್ಲ.

ಅಧಿಸೂಚನೆ ಬರುವವರೆಗೆ ಓದುಗರಲ್ಲಿ ಎರಡು ವಿನಂತಿ. ಅಂಗಡಿಯ ಮರಿಯನ್ನು ಕನಿಕರದಿಂದಲೂ ಕೊಳ್ಳಬೇಡಿ, ಒಂದು ಮಾರಾಟವಾದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಮನೆಯಲ್ಲಿ ಈಗಾಗಲೇ ಆಮೆ ಇದ್ದರೆ ದೊಡ್ಡ ತೊಟ್ಟಿಗೆ ಬದಲಿಸಿ, ಒಣ ಜಾಗವನ್ನೂ ಯುವಿಬಿ ದೀಪವನ್ನೂ ಒದಗಿಸಿ, ಸೊಪ್ಪು ತಿನ್ನುವುದನ್ನು ರೂಢಿಸಿ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ.